ಪರದೆಯಾಚೆಗೆ ಕೇಳಿಸಿದ ಉತ್ತರ

ಗೆಳೆಯರೇ, ಭುಜದ ಆಪರೇಷನ್ ಆಗಿ ಮೂರು ತಿಂಗಳಾದರೂ ನನ್ನ ಬಲಗೈ ತಲೆಯವರೆಗೆ ಏಳುತ್ತಿಲ್ಲ. ಇಂದು ರಾಜಾಜಿನಗರದ ಫಿಸಿಯೋಥೆರಪಿ ಕೋಣೆಯಲ್ಲಿ ಥೆರಪಿಸ್ಟ್ ಎತ್ತಿ ಹಿಡಿದಿದ್ದ ನನ್ನ ಕೈಯನ್ನು ಬಿಟ್ಟು ಕೇಳಿದಳು: "ಸಾರ್, ಸುಮ್‌ಸುಮ್ನೆ ಅಳು ಬರುತ್ತಾ? ಮನಸ್ಸು ಕುಗ್ಗಿದ್ರೆ ಭುಜಾನೂ ಬೇಗ ಸರಿಹೋಗಲ್ಲ."

ಮಂಚಗಳ ನಡುವೆ ಇರುವುದು ಬರೀ ಬಟ್ಟೆಯ ಪರದೆ. ಪಕ್ಕದ ಮಾತೆಲ್ಲ ಥಟ್ಟನೆ ನಿಂತಿತು. ಜೊತೆಗೆ ಬಂದಿದ್ದ ಹೆಂಡತಿ ಪಿಸುಗುಟ್ಟಿದಳು: "ಇಲ್ಲ ಅಂದ್ಬಿಡ್ರಿ, ನಮ್ಮ ರಸ್ತೆಯವರು ಇದಾರೆ."

"ಬರುತ್ತೆ," ಎಂದೆ, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ದಿನಾ ಬರುತ್ತೆ. ಬರ್ಕೊಳ್ಳಿ."

ಪರದೆಯಾಚೆಯಿಂದ ವಯಸ್ಸಾದ ಹೆಂಗಸೊಬ್ಬರ ದನಿ ಬಂತು: "ಏನಮ್ಮಾ, ನನ್ನತ್ರ ಬರೀ ಮಂಡಿ ವಿಚಾರ ಕೇಳ್ತೀಯ. ಇದನ್ನೂ ಕೇಳು!"

ಕೈ ಇಂದೂ ಅರ್ಧಕ್ಕೇ ನಿಂತಿತು. ನಮ್ಮ ರಸ್ತೆಯವರಿಗೆ ಮನೆಮನೆಗೆ ಹೋಗಿ ಹೇಳುವ ಶ್ರಮ ಬೇಡವೆಂದು ನಾನೇ ಇಲ್ಲಿ ಬರೆದಿದ್ದೇನೆ, ಎಡಗೈಯಲ್ಲಿ.