ಹಡಗಿಗೆ ಹಾಕಿದ ಟವೆಲ್

ನಾವು ಕಳೆದುಹೋಗಿರಲಿಲ್ಲ. ಕಾಲು ನೋಯುತ್ತಿತ್ತು, ಕೂತಿದ್ದೆವು. ಸ್ಟಾಕ್‌ಹೋಮ್ ಎಂಬ ಊರಿನಲ್ಲಿ ಆ ದಿನ ಆದದ್ದು ಇಷ್ಟೇ.

ಮೂಡಿಗೆರೆಯಲ್ಲಿ ಮಾತ್ರ ಇದು ಬೇರೆ ಥರ ಓಡಾಡುತ್ತಿದೆ. ಯಾವ ಮದುವೆಗೆ ಹೋದರೂ ಎಲೆ ಹಾಕಿ ಉಪ್ಪು ಬಡಿಸುವಷ್ಟರಲ್ಲಿ ಯಾರಾದರೊಬ್ಬರು ಶುರು ಮಾಡುತ್ತಾರೆ: “ದೊಡ್ಡಮ್ಮ, ನಿಮ್ಮನ್ನ ಪೊಲೀಸ್ನೋರು ಹುಡ್ಕಿ ತಂದು ಹಡಗಿಗೆ ಹತ್ಸಿದ್ರಂತೆ, ಹೌದಾ?” ಮೊದಲು ಪೊಲೀಸರಿದ್ದರು. ಆಮೇಲೆ ಹೆಲಿಕಾಪ್ಟರ್ ಬಂತು. ನಾನು ಇನ್ನಷ್ಟು ವರ್ಷ ಬದುಕಿದರೆ ಸಮುದ್ರಕ್ಕೆ ಹಾರಿ ಈಜಿಕೊಂಡು ಹಡಗು ಹಿಡಿದೆ ಎಂದೂ ಆಗುತ್ತದೆ. ಅಷ್ಟರೊಳಗೆ ಬರೆದಿಟ್ಟುಬಿಡೋಣ ಎಂದು ಕೂತಿದ್ದೇನೆ. ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ, ಬರೆದದ್ದನ್ನು ಇನ್ನೊಮ್ಮೆ ಓದಿ ನೋಡುವಷ್ಟು ತ್ರಾಣ ನನಗಿಲ್ಲ.

ಹೋದದ್ದು ತೊಂಬತ್ತರ ದಶಕದ ನಡುವೆ. ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋಯಿತಂತೆ, ಇಲ್ಲಿ ನಮಗೆ ರೇಟು ಬಂತು. ಅಲ್ಲಿ ಯಾರದೋ ಮನೆ ಹಾಳಾದರೆ ಇಲ್ಲಿ ಅಂಗಳಕ್ಕೆ ಕಾರು ಬರುತ್ತದೆ. ಈ ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮೊದಲು ಎಲ್ಲರೂ ಕಾರು ತೆಗೆದುಕೊಂಡರು. ಆಮೇಲೆ ಮನೆಗೆ ಟೈಲ್ಸ್ ಹಾಕಿಸಿ ಜಾರಿ ಬಿದ್ದರು. ಆಮೇಲೆ ಏನು ಮಾಡುವುದೆಂದು ತೋಚದೆ ಫಾರಿನ್ ಟೂರಿಗೆ ಹೊರಟರು. ನಮ್ಮ ಯಜಮಾನರ ಇಸ್ಪೀಟಿನ ಬಳಗ ಹಡಗಿನಲ್ಲೇ ಹೋಗುವುದೆಂದು ತೀರ್ಮಾನ ಮಾಡಿತು. ಹಡಗಿನಲ್ಲಿ ಒಂದು ಕೋಣೆಗೆ ಇಬ್ಬರ ದುಡ್ಡು ಕೊಡಲೇಬೇಕು ಎಂದು ಗೊತ್ತಾದ ಮೇಲೆ ಹೆಂಡಿರ ನೆನಪಾಯಿತು. ಹೀಗೆ ನಾನೂ ಹೊರಟೆ, ನನ್ನ ವಾರಗಿತ್ತಿ ಲಲಿತಳೂ ಹೊರಟಳು. ಲಲಿತ ಎಂದರೆ ನನ್ನ ಮೈದುನನ ಹೆಂಡತಿ.

ಇವಳ ವಿಷಯ ಸ್ವಲ್ಪ ಹೇಳಬೇಕು. ಲಲಿತ ದೊಡ್ಡ ಎಸ್ಟೇಟಿನ ಮನೆಯಿಂದ ಬಂದವಳು. ತವರಲ್ಲಿ ಜೀಪು, ಗಂಡನ ಮನೆಯಲ್ಲಿ ಜೀಪು. ದೇವಸ್ಥಾನಕ್ಕೆ ಜೀಪು, ಬ್ಲೌಸ್ ಹೊಲಿಸಲು ಜೀಪು, ಹೆರಿಗೆಗೂ ಜೀಪು. ಮೊಮ್ಮಕ್ಕಳನ್ನು ಕಂಡ ಹೆಂಗಸು, ಅಲ್ಲಿಯವರೆಗೆ ತನ್ನ ಕೈಯಾರೆ ಒಂದು ಬಸ್ ಟಿಕೆಟ್ ತೆಗೆದುಕೊಂಡಿರಲಿಲ್ಲ. ನಾನು ಹಾಗಲ್ಲ. ಕಳಸದ ಕಡೆ ಸಣ್ಣ ಹಿಡುವಳಿಯವರ ಮಗಳು, ಬಸ್ಸಿನಲ್ಲೇ ಬೆಳೆದವಳು.

ಬಸ್ಸಿನ ಶಾಸ್ತ್ರ ಗೊತ್ತಿದ್ದವರಿಗೆ ಟವೆಲಿನ ಶಾಸ್ತ್ರವೂ ಗೊತ್ತಿರುತ್ತದೆ. ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದರೆ ಅದು ಬರೀ ಬಟ್ಟೆಯಲ್ಲ, ಮನುಷ್ಯ. ಅದರ ಮೇಲೆ ಇನ್ನೊಬ್ಬರು ಕೂರುವುದಿಲ್ಲ. ಕೂರುವುದಿರಲಿ, ಬಸ್ಸೇ ಹೊರಡುವುದಿಲ್ಲ. “ಇದ್ಯಾರ್ದು ಟವೆಲ್ಲು?” ಎಂದು ಕಂಡಕ್ಟರ್ ಕೇಳುತ್ತಾನೆ, “ಹೋಟ್ಲಲ್ಲಿದಾರೆ, ಬರ್ತಾರೆ” ಎಂದು ಬಸ್ಸೆಲ್ಲ ಸಾಕ್ಷಿ ಹೇಳುತ್ತದೆ. ಟವೆಲಿನವರು ದೋಸೆ ಮುಗಿಸಿ, ಬಾಯಿ ತೊಳೆದು, ಎಲೆಗೆ ಸುಣ್ಣ ಹಚ್ಚಿಕೊಂಡು ಬರುತ್ತಾರೆ. ಯಾರೂ ಬಯ್ಯುವುದಿಲ್ಲ. ನಾಳೆ ತಮ್ಮದೂ ಒಂದು ಟವೆಲ್ ಇರುತ್ತದಲ್ಲ.

ಹಡಗಿನ ಮಾತಿಗೆ ಬರುತ್ತೇನೆ. ಗಂಡಸರು ಹತ್ತಿದ ಕೂಡಲೇ ಒಂದು ಮೇಜು ಹಿಡಿದು ರಮ್ಮಿಗೆ ಕೂತರು. ಊರು ಬಂದರೂ ಏಳಲಿಲ್ಲ. ಹೆಂಗಸರನ್ನು ಟೂರ್ ಮ್ಯಾನೇಜರಿಗೆ ಒಪ್ಪಿಸಿದರು. ಆತ ಹಳದಿ ಬಾವುಟ ಹಿಡಿದು ಮುಂದೆ, ನಾವು ಹಿಂದೆ. ಕೋಪನ್‌ಹೇಗನ್ನಿನಲ್ಲಿ ಇಡೀ ದಿನ ಆ ಬಾವುಟ ನೋಡಿದೆ, ಊರು ಕಾಣಲಿಲ್ಲ. ಚರ್ಚು ಎಂದರೆ ಇಳಿ, ಅರಮನೆ ಎಂದರೆ ಹತ್ತು. ನಮ್ಮ ತೋಟದ ಮೇಸ್ತ್ರಿ ಇದಕ್ಕಿಂತ ಒಳ್ಳೆಯವನು, ಎಲೆ ಅಡಿಕೆಗಾದರೂ ಕೂರಲು ಬಿಡುತ್ತಾನೆ.

ಆ ದೇಶಗಳಲ್ಲಿ ನನಗೆ ಕಂಡ ದೊಡ್ಡ ಕೊರತೆ ಇದೇ, ಕೂರಲು ಜಾಗ ಇಲ್ಲ. ನಮ್ಮ ಕಡೆ ಸುಸ್ತಾದರೆ ಯಾವ ಮನೆಯ ಜಗುಲಿಯಾದರೂ ಆಗುತ್ತದೆ. ಕೂತರೆ ನೀರು ಬೆಲ್ಲ ಅವರೇ ತರುತ್ತಾರೆ. ಅಲ್ಲಿ ಕೂರಬೇಕಾದರೆ ಕಾಫಿ ಕೊಳ್ಳಬೇಕು. ಆ ಕಾಫಿಯೋ! ಕೊಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಿಂದ ಹಳ್ಳಕ್ಕೆ ಬಿಡುವ ನೀರಿನ ಬಣ್ಣ. ಅದನ್ನೇ ಬಾನಿಯಷ್ಟು ದೊಡ್ಡ ಕಪ್ಪಿನಲ್ಲಿ ಹಿಡಿದು ಮಾತಿಲ್ಲದೆ ಕುಡಿಯುತ್ತಾರೆ. ಇಷ್ಟು ಜನ ಇಷ್ಟು ಕಾಫಿ ಕುಡಿಯುವುದರಿಂದಲೇ ನಾನು ಈ ಹಡಗಿನಲ್ಲಿದ್ದೇನೆ ಎಂದು ಸುಮ್ಮನೆ ನುಂಗಿದೆ.

ಆ ಸಂಜೆ ಯಜಮಾನರಿಗೆ ಹೇಳಿದೆ, ಮುಂದಿನ ಊರಲ್ಲಿ ನಾನೂ ಲಲಿತಳೂ ನಮ್ಮಷ್ಟಕ್ಕೆ ಹೋಗುತ್ತೇವೆ ಎಂದು.

“ಗುಂಪು ಬಿಡ್ಬೇಡ ಮಾರಾಯ್ತಿ. ಪಾಸ್‌ಪೋರ್ಟ್ ಹಡಗಿನೋರ ಹತ್ರ ಇದೆ. ಬಿಟ್ಟು ಹೋದ್ರೆ ಎಂತ ಮಾಡ್ತೀಯ?”

“ಬಿಟ್ಟು ಹೋಗಕ್ಕೆ ಅದೇನು ಸೈಕಲ್ಲಾ?”

ಇಸ್ಪೀಟಿನ ಎಲೆ ಎತ್ತಿಕೊಳ್ಳುತ್ತಲೇ ಒಂದು ಕರಾರು ಹಾಕಿದರು. “ಒಂದೇ ಒಂದ್ಸಲ ತಡ ಆಗ್ಲಿ. ಆಮೇಲೆ ಉಳಿದಿದ್ ಊರಿಗೆಲ್ಲ ಬಾವುಟದ ಹಿಂದೆ. ಲಲಿತಮ್ಮಂಗೂ ಹೇಳ್ಬಿಡು.”

ಹೇಳಿದೆ. ಅವಳು ಅದನ್ನೆಲ್ಲ ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳಿಗೆ ಬೇಕಾದದ್ದು ಒಂದೇ. “ಅಕ್ಕ, ಟಿಕೆಟ್ ನಾನು ತಗೋತೀನಿ. ನೀವು ಕೈ ಹಾಕ್ಬೇಡಿ.”

ಸ್ಟಾಕ್‌ಹೋಮ್ ಬಂತು. ಡೆಕ್ಕಿನ ಮೇಲೆ ಒರಗಿಕೊಳ್ಳುವ ಕುರ್ಚಿಗಳಿದ್ದವಲ್ಲ, ಅದರಲ್ಲಿ ಒಂದಕ್ಕೆ ನನ್ನ ಕೆಂಪಂಚಿನ ಟವೆಲ್ ಹಾಕಿ ಇಳಿದೆ. ಹಡಗಿನಿಂದ ಇಳಿದರೆ ಊರು ಸಿಗುತ್ತದೆ ಎಂದುಕೊಳ್ಳಬೇಡಿ. ಊರಿಂದಾಚೆ ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯಲ್ಲಿ ಇಳಿಸಿ ಮೂಡಿಗೆರೆ ಬಂತು ಎಂದ ಹಾಗೆ, ಗೋದಾಮಿನ ಮಧ್ಯ ಎಲ್ಲೋ ನಿಲ್ಲಿಸುತ್ತಾರೆ. ಊರು ಆಮೇಲೆ, ನಿಮ್ಮ ಕಾಲು, ನಿಮ್ಮ ಹಣೆಬರಹ. ನನ್ನ ಇಂಗ್ಲಿಷೆಲ್ಲ ತೋಟದ್ದು. ಪಲ್ಪರ್, ಪಾರ್ಚ್‌ಮೆಂಟ್, ಗೇಟು. ಇದರಲ್ಲಿ ಗೇಟು ಒಂದು ಉಪಯೋಗಕ್ಕೆ ಬಂತು. “ಗೇಟ್? ಗೇಟ್?” ಎಂದು ಕೇಳುತ್ತ ಬಂದರಿನ ಹೊರಗೆ ಬಂದು ಬಸ್ ಹಿಡಿದೆವು. ಲಲಿತ ಅಂಗೈ ತುಂಬ ಚಿಲ್ಲರೆ ಹರಡಿ ಡ್ರೈವರನ ಮುಂದೆ ಹಿಡಿದಳು, ಆತ ಬೇಕಾದಷ್ಟು ಆರಿಸಿಕೊಂಡ. ಟಿಕೆಟ್ ಬಂತು. ಅದನ್ನು ಎರಡೂ ಕಡೆ ನೋಡಿ, ಓದಲಾಗದಿದ್ದರೂ ಓದಿ, ಕರವಸ್ತ್ರದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕಿಟಕಿಯಲ್ಲಿ ಏನು ಕಂಡಳೋ ಬಿಟ್ಟಳೋ ಗೊತ್ತಿಲ್ಲ, ಇಡೀ ದಾರಿ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಓಡಾಡಿದೆವು. ಕಲ್ಲು ಹಾಸಿದ ಓಣಿ, ಹಳದಿ ಗೋಡೆ, ಹೂ ಮಾರುವವರು. ಬಾವುಟವಿಲ್ಲದೆ ನೋಡಿದರೆ ಯಾವ ಊರೂ ಚೆನ್ನಾಗಿಯೇ ಇರುತ್ತದೆ. ಕಾಲು ಸೋತ ಮೇಲೆ ವಾಪಸ್ ಹೊರಟೆವು. ಅಲ್ಲಿ ತಪ್ಪಿದ್ದು ನನ್ನ ಬುದ್ಧಿ. ನಮ್ಮ ಗುಡ್ಡಗಳಲ್ಲಿ ದಾರಿ ಕೇಳುವ ಪದ್ಧತಿಯೇ ಇಲ್ಲ. ಇಳಿಜಾರು ಹಿಡಿದರೆ ಹಳ್ಳ ಸಿಗುತ್ತದೆ, ಹಳ್ಳ ಹಿಡಿದರೆ ರಸ್ತೆ ಸಿಗುತ್ತದೆ, ರಸ್ತೆಯಲ್ಲಿ ನಿಂತರೆ ಜೀಪು. ಹಡಗು ನೀರಲ್ಲಿ ತಾನೇ ಇರುವುದು? ಇಳಿದೆವು. ನೀರು ಸಿಕ್ಕಿತು. ಹಡಗಿರಲಿಲ್ಲ. ಬಾತುಕೋಳಿಗಳಿದ್ದವು, ಪುಟ್ಟ ದೋಣಿಗಳಿದ್ದವು. ಆ ಊರು ಹೇಗೆಂದರೆ ಯಾವ ಕಡೆ ಇಳಿದರೂ ನೀರೇ. ಒಂದೊಂದು ಓಣಿಗೆ ಒಂದೊಂದು ಸಮುದ್ರ.

ದಡದಲ್ಲಿ ಪುಣ್ಯಕ್ಕೆ ಒಂದು ಬೆಂಚಿತ್ತು, ಪುಕ್ಕಟೆ. ನಾನು ಬೂಟು ಕಳಚಿ ಕಾಲು ಚಾಚಿದೆ. ಲಲಿತ ಕೋಡುಬಳೆ ತೆಗೆದಳು.

“ಹೊತ್ತಾಗ್ಲಿಲ್ವಾ ಅಕ್ಕ?”

“ಬಿಸ್ಲು ನೋಡು, ಇನ್ನೂ ಮಧ್ಯಾಹ್ನ.”

ಬಿಸಿಲು ನೋಡಿ ಹೊತ್ತು ಹೇಳುವುದರಲ್ಲಿ ನಮ್ಮ ಮನೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಆದರೆ ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗಲು ಮನಸ್ಸೇ ಮಾಡುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ.

“ಬಿಟ್ಟು ಹೋದ್ರೆ?”

“ಟವೆಲ್ ಹಾಕಿ ಬಂದಿದೀನಿ, ಸುಮ್ನೆ ತಿನ್ನು.”

ಅವಳು ಸಮಾಧಾನದಿಂದ ಇನ್ನೊಂದು ಕೋಡುಬಳೆ ಮುರಿದಳು. ಅಷ್ಟರಲ್ಲಿ ಹಡಗು ಕೂಗಿತು. ನೀರಿನ ಕಡೆಯಿಂದಲ್ಲ, ನಮ್ಮ ಬೆನ್ನ ಹಿಂದಿನಿಂದ, ನಾವು ಇಳಿದು ಬಂದ ಗುಡ್ಡದ ಆಚೆಯಿಂದ.

“ಅಯ್ಯೋ ಅಕ್ಕ, ನಮ್ದೇ!”

ಬೂಟು ಕಾಲಿಗೆ ಹತ್ತಲಿಲ್ಲ, ಕೈಯಲ್ಲಿ ಹಿಡಿದೆ. ಗುಡ್ಡ ಹತ್ತುವಾಗ ಮಂಡಿಯೊಳಗೆ ಒಣಗಿದ ಪಾರ್ಚ್‌ಮೆಂಟ್ ಕಾಫಿಬೀಜ ಉಜ್ಜಿದ ಹಾಗೆ ಸದ್ದು. ಹಡಗು ಮತ್ತೊಮ್ಮೆ ಕೂಗಿತು. ಒಂದು ಬಸ್ಸಿಗೆ ಕೈ ಅಡ್ಡ ಹಾಕಿದೆ, ನಿಲ್ಲಲಿಲ್ಲ. ಅಲ್ಲಿ ಸ್ಟಾಪಿನಲ್ಲಿ ಮಾತ್ರ ನಿಲ್ಲುವುದಂತೆ, ಎಂಥ ಬಸ್ಸುಗಳೋ! ನನ್ನ ಕೈಲಿ ಇನ್ನಾಗದು ಎಂದು ಒಂದು ಗೋಡೆಗೆ ಒರಗಿದೆ. ಲಲಿತಳಿಗೆ, “ನೀನು ಓಡು, ಹೋಗಿ ಹೇಳು” ಎಂದೆ. ಓಡಿದಳು, ಆದರೆ ಹಡಗಿನ ಕಡೆಗಲ್ಲ. ರಸ್ತೆಯ ಮಧ್ಯಕ್ಕೆ. ಜೀಪಿನಿಂದ ಕಾಲು ನೆಲಕ್ಕಿಡಲು ಸ್ಟೂಲು ಬೇಕಾದವಳು ರೇಷ್ಮೆ ಸೀರೆ ಉಟ್ಟು, ಎರಡೂ ಕೈ ಚಾಚಿ, ಕಳಸದ ಕೊನೇ ಬಸ್ಸು ತಡೆಯುವವರ ಹಾಗೆ ನಿಂತುಬಿಟ್ಟಳು. ಬಂದ ಬಸ್ಸು ನಿಂತಿತು. ನಿಲ್ಲದೆ ಏನು ಮಾಡುತ್ತದೆ? ಡ್ರೈವರ್ ಹೆಂಗಸು. ಬಾಗಿಲು ತೆಗೆದು ಏನೋ ಬಯ್ದಳು. ಲಲಿತ ಇಳಿಯುವಾಗ ಕೊಟ್ಟಿದ್ದ ಹಡಗಿನ ಕಾರ್ಡು ತೋರಿಸಿ, “ಗೇಟ್, ಗೇಟ್!” ಎಂದು ನನ್ನ ಇಂಗ್ಲಿಷನ್ನು ನನಗಿಂತ ಚೆನ್ನಾಗಿ ಆಡಿದಳು. ಅಷ್ಟು ಅವಸರದಲ್ಲೂ ಟಿಕೆಟ್ ಕೇಳಿ ಪಡೆದಳು.

ಗೇಟಿನಿಂದ ಹಡಗಿನ ಕಡೆ ನೋಡಿದರೆ ಇವರು.

ಇಲ್ಲಿ ಇನ್ನೊಂದು ಶಾಸ್ತ್ರ ಹೇಳಬೇಕು. ನಮ್ಮಲ್ಲಿ ಹಿಂದೆ ಬರುವವರಿಗಾಗಿ ಬಸ್ ನಿಲ್ಲಿಸುವುದು ಹೇಗೆ? ಮನೆಯ ಹಿರಿಯರು ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಇನ್ನೊಂದು ಕಾಲು ರಸ್ತೆಯ ಮೇಲೆ ಇಟ್ಟು ನಿಲ್ಲುತ್ತಾರೆ. ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಗೆ ನಿಂತವರ ಮೇಲೆ ರೈಟ್ ಹೇಳುವ ಧೈರ್ಯ ಯಾವ ಕಂಡಕ್ಟರಿಗೂ ಇಲ್ಲ. ನಮ್ಮ ಯಜಮಾನರು ಇಸ್ಪೀಟಿನ ಎಲೆ ಕೈಯಲ್ಲಿ ಹಿಡಿದುಕೊಂಡೇ, ಒಂದು ಕಾಲು ಹಡಗಿನ ಏಣಿಗೆ, ಒಂದು ಕಾಲು ಸ್ವೀಡನ್ ದೇಶಕ್ಕೆ ಇಟ್ಟು ನಿಂತಿದ್ದರು. ಬಿಳಿ ಯೂನಿಫಾರಂ ಹಾಕಿದ ಇಬ್ಬರು ಆಚೆ ಈಚೆ ನಿಂತು ಬೇಡುತ್ತಿದ್ದರು. ಇವರು ಕನ್ನಡದಲ್ಲೇ, “ಬರ್ತಾರೆ ಬರ್ತಾರೆ, ಎಂತಕ್ಕೆ ಅರ್ಜೆಂಟು?” ಎನ್ನುತ್ತಿದ್ದರು.

ನಾವು ಹತ್ತಿದೆವು. ಕಾಲು ತೆಗೆದರು. ಬೂಟು ಕೈಯಲ್ಲಿ ಹಿಡಿದ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಾಳೆಯಿಂದ ಬಾವುಟ” ಎಂದರು. ಲಲಿತ ಸೊಂಟ ಮುಟ್ಟಿಕೊಂಡು ಕೋಣೆಗೆ ಹೋದಳು. ಊಟಕ್ಕೆ ಬರಲಿಲ್ಲ.

ನಾನು ಟವೆಲ್ ನೋಡಲು ಹೋದೆ. ಕುರ್ಚಿಯ ಮೇಲೆ ಕೆಂಪು ಮುಖದ ಒಬ್ಬ ಮುದುಕ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ನನ್ನ ಟವೆಲನ್ನು ಯಾರೋ ನೀಟಾಗಿ ಮಡಿಸಿ ಮೂಲೆಯ ಬುಟ್ಟಿಗೆ ಹಾಕಿದ್ದರು. ಅಷ್ಟೇ ಅದರ ಮರ್ಯಾದೆ.

ವಾಪಸ್ ಬರುವಾಗ ಲಿಫ್ಟಿನಲ್ಲಿ ಟೂರ್ ಮ್ಯಾನೇಜರ್ ಸಿಕ್ಕರು. ಮೆಲ್ಲಗೆ ಹೇಳಿದರು: “ಅಮ್ಮ, ಹಡಗು ನಿಮಗೋಸ್ಕರ ನಿಂತಿದ್ದಲ್ಲ, ಸಾಹೇಬ್ರ ಕಾಲಿಗೂ ಅಲ್ಲ. ನೀರು ತುಂಬೋ ಪೈಪು ಕೈಕೊಟ್ಟಿತ್ತು. ಇಲ್ದಿದ್ರೆ ಅವರನ್ನ ಎತ್ತಿ ಒಳಗಿಟ್ಟು ಹೊರಟೇಬಿಡೋರು.”

ಇದನ್ನು ನಾನು ಯಜಮಾನರಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಬರೆದರೆ ಭಯವಿಲ್ಲ, ನಾನು ಬರೆದದ್ದನ್ನು ಅವರು ಓದುವವರಲ್ಲ. ಆ ರಾತ್ರಿ ಊಟದ ಮೇಜಿನಲ್ಲಿ ಅವರು ಅಷ್ಟು ದೊಡ್ಡ ಹಡಗನ್ನು ಒಂದು ಕಾಲಲ್ಲಿ ತಡೆದದ್ದನ್ನು ಬಳಗಕ್ಕೆ ಮತ್ತೆ ಮತ್ತೆ ಹೇಳುತ್ತಿದ್ದರು. ಒಂದೊಂದು ಸಲ ಹೇಳಿದಾಗಲೂ ಹಡಗು ಸ್ವಲ್ಪ ದೊಡ್ಡದಾಗುತ್ತಿತ್ತು. ನಾನು ಮಂಡಿ ನೀವಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡೆ. ಸುಸ್ತಾದವರ ಬುದ್ಧಿ ನಿಧಾನ ಕೆಲಸ ಮಾಡುತ್ತದೆ, ಆದರೆ ಮಾಡುತ್ತದೆ.

ಮರುದಿನ ಬೆಳಿಗ್ಗೆ ಹೆಲ್ಸಿಂಕಿ. ಬಾವುಟದವರು ಕೆಳಗೆ ಸಾಲು ನಿಲ್ಲಿಸುತ್ತಿದ್ದರು. ನಾನು ಮಂಡಿಗೆ ಎಣ್ಣೆ ತಿಕ್ಕಿ, ಪಟ್ಟಿ ಕಟ್ಟಿ, ಬೂಟು ಹಾಕಿಕೊಂಡು ಇಸ್ಪೀಟಿನ ಮೇಜಿನ ಹತ್ತಿರ ಹೋದೆ. “ನಾನೂ ಲಲಿತಳೂ ಹೋಗಿ ಬರ್ತೀವಿ” ಎಂದೆ.

“ನಿನ್ನೆ ಎಂತ ಹೇಳಿದ್ದೆ ನಾನು?”

“ಹೇಳಿದ್ರಿ. ಆದ್ರೆ ನೀವು ಕಾಲಿಟ್ರೆ ಹಡಗು ಎಲ್ಲಿಗೆ ಹೋಗುತ್ತೆ?”

ಬಳಗವೆಲ್ಲ ಅವರ ಮುಖ ನೋಡಿತು. ಅವರು ಕೈಯಲ್ಲಿದ್ದ ಎಲೆಗಳನ್ನು ಒಮ್ಮೆ ಜೋಡಿಸಿದರು, ಇನ್ನೊಮ್ಮೆ ಜೋಡಿಸಿದರು. “ಬೇಗ ಬನ್ನಿ” ಎಂದರು.

ಹೊರಗೆ ಟ್ರಾಮಿನ ಸ್ಟಾಪಿನಲ್ಲಿ ಲಲಿತ ಆಗಲೇ ಚಿಲ್ಲರೆ ಹಿಡಿದು ನಿಂತಿದ್ದಳು. ಆ ದಿನ ನಾನು ಯಾವ ಕುರ್ಚಿಗೂ ಟವೆಲ್ ಹಾಕಲಿಲ್ಲ. ಇವರನ್ನೇ ಕೂರಿಸಿ ಬಂದಿದ್ದೆ.