ಅಂಗಿ ಹಾಕದ ಕೆಲಸ, ಎದೆಯ ಮೇಲೊಂದು ಪೋರ್ಟ್

"ಮುಟ್ ನೋಡಿ ಸಾ, ಏನೂ ಆಗಕಿಲ್ಲ" ಎಂದು ಜವರೇಗೌಡರು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದರು.

ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆ. ಬೆಂಚಿನ ಮೇಲೆ ನಾನು, ನನ್ನ ಹೆಂಡತಿ ಪದ್ಮ, ಪಕ್ಕದಲ್ಲಿ ಸಾಲಗಾಮೆ ಕಡೆಯ ಈ ಗೌಡರು. ನಾವೂ ಹಾಸನದವರು ಎಂದು ಗೊತ್ತಾದ ಮೇಲೆ ಪರಿಚಯಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವರ ಬಲಗಡೆ, ಕೊರಳೆಲುಬಿಗಿಂತ ಎರಡು ಬೆರಳು ಕೆಳಗೆ, ಚರ್ಮದಡಿ ಒಂದು ಉಬ್ಬು. ಕೋಟಿನ ಗುಂಡಿಯಷ್ಟು ಅಗಲ. ಅದೇ ಪೋರ್ಟ್. ಇನ್ನರ್ಧ ಗಂಟೆಯಲ್ಲಿ ನನಗೂ ಅದನ್ನೇ ಹಾಕುವವರಿದ್ದರು.

ನಾನು ಮುಟ್ಟಲಿಲ್ಲ. ಕೈಯನ್ನು ಮೆಲ್ಲಗೆ ಫೈಲಿನ ಕೆಳಗೆ ಸರಿಸಿಕೊಂಡೆ. ಗೌಡರು ಗುಂಡಿ ಹಾಕಿಕೊಂಡರು.

(ಹೌದು, ಮೂರು ವಾರ ಈ ಅಂಕಣ ಬರಲಿಲ್ಲ. ಸಂಪಾದಕರು "ಲೇಖಕರು ರಜೆಯಲ್ಲಿದ್ದಾರೆ" ಎಂದು ಹಾಕಿದ್ದರು. ಇದೇ ಆ ರಜೆ.)

ನನಗೆ ಕರುಳಿನ ಕ್ಯಾನ್ಸರ್. ಬರೆದುಬಿಟ್ಟೆ, ನೋಡಿ. ನಾಲ್ಕು ತಿಂಗಳಿಂದ ಬಾಯಲ್ಲಿ ಬಾರದ ಮಾತು ಪೆನ್ನಿನಲ್ಲಿ ಎಷ್ಟು ಸಲೀಸಾಗಿ ಬಂತು. ಆಪರೇಷನ್ ಆಯಿತು, ಎರಡು ಸುತ್ತು ಕೀಮೋ ಆಯಿತು. ಅಷ್ಟರಲ್ಲಿ ಕೈಯ ನರಗಳು ಗಟ್ಟಿಯಾಗಿ, ನರ್ಸು ಐದು ಕಡೆ ಚುಚ್ಚಿದರೂ ಸಿಗದಂತಾದವು. ಅದಕ್ಕೆ ಪೋರ್ಟ್. ಎದೆಯ ಚರ್ಮದಡಿ ಒಂದು ಪುಟ್ಟ ಡಬ್ಬಿ ಕೂರಿಸುತ್ತಾರೆ. ಅದರಿಂದ ಹೊರಟ ತೆಳ್ಳನೆಯ ಟ್ಯೂಬು ಕತ್ತಿನ ದೊಡ್ಡ ನರದೊಳಗೆ ಇಳಿದು ಹೃದಯದ ಹತ್ತಿರ ನಿಲ್ಲುತ್ತದೆ. ಇನ್ನು ಮುಂದೆ ಸೂಜಿ ಚುಚ್ಚುವುದು ಆ ಡಬ್ಬಿಗೆ, ಕೈಗಲ್ಲ. ಒಳ್ಳೆಯದೇ ತಾನೆ? ಒಳ್ಳೆಯದೇ. ಆದರೆ "ಹೃದಯದ ಹತ್ತಿರ" ಎಂಬುದನ್ನು ಕೇಳಿದ ಮೇಲೆ ಡಾಕ್ಟರು ಹೇಳಿದ ಉಳಿದದ್ದೇನೂ ನನ್ನ ಕಿವಿಗೆ ಬೀಳಲಿಲ್ಲ.

ಒಳಗೆ ಏನಾಗುತ್ತದೆ ಎಂದು ತಿಳಿಯುವ ಹಾಗೆ ಹೇಳಿದವರು ಗೌಡರೇ.

"ಎಚ್ಚರಾಗೇ ಇರ್ತೀರಾ ಕಣ್ ಸಾ. ಮರಗಟ್ಟೋ ಇಂಜೆಕ್ಷನ್ ಕೊಡೋವಾಗ ಉರೀತದೆ, ಆಮೇಲೆ ನೋವಿಲ್ಲ. ಆದ್ರೆ ಒಳಗೇನೋ ತೂರುಸ್ತಾವ್ರೆ ಅಂತ ಗೊತ್ತಾಯ್ತದೆ. ನಂಗೆ ಭಯ ಆಗಿದ್ದು ಅದ್ಕೇಯ."

ಟೇಬಲ್ಲಿನ ಮೇಲೆ ಮಲಗಿಸಿದಾಗ ಡಾಕ್ಟರು ಪೆನ್ನು ಹಿಡಿದು ಜಾಗ ಗುರುತು ಮಾಡುತ್ತಾ, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಹಾಸನದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು ಎಂದೆ. ಹಾಗಾದರೆ ಸರಿ, ಅಂಗಿ ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲ ಎಂದರು.

ಮುಖ ಎಡಕ್ಕೆ ತಿರುಗಿಸಿ ಎಂದರು. ಮುಖದ ಮೇಲೆ ಹಸಿರು ಬಟ್ಟೆ ಬಿತ್ತು. ಜನಿವಾರವನ್ನು ಮೊದಲೇ ಸೊಂಟಕ್ಕೆ ಇಳಿಸಿದ್ದರು. ತಣ್ಣನೆಯ ಔಷಧಿ, ಆಮೇಲೆ ಉರಿ. ಆಮೇಲೆ ಒತ್ತುವುದು, ಎಳೆಯುವುದು, ನನ್ನ ಎದೆಗೆ ಯಾರೋ ಜೇಬು ಹೊಲಿಯುತ್ತಿರುವ ಹಾಗೆ. ಟ್ಯೂಬು ಒಳಗಿಳಿಯುವಾಗ ಎದೆಬಡಿತ ಒಂದೆರಡು ಸಲ ಹಾರಿತು. ಪಕ್ಕದ ಮಿಷಿನ್ನಿನ ಸದ್ದೂ ಲಯ ತಪ್ಪಿತು. ಅದು ಮಾಮೂಲು ಎಂದರು ಡಾಕ್ಟರು. ಯಾರಿಗೆ ಮಾಮೂಲು? ನಲವತ್ತು ವರ್ಷದಿಂದ ಹೇಳುತ್ತಿದ್ದ ಸ್ತೋತ್ರ ಆ ಬಟ್ಟೆಯಡಿ ಮೂರನೇ ಸಾಲಿಗೆ ಮರೆತುಹೋಯಿತು. ಮೊದಲಿಂದ ಶುರು ಮಾಡಿದೆ. ಮತ್ತೆ ಮೂರನೇ ಸಾಲಿಗೇ ನಿಂತೆ. ಸತ್ತುಹೋಗುತ್ತೇನೆ ಎಂದೇ ಅಂದುಕೊಂಡೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಸಾಯಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಎಕ್ಸ್‌ರೇ ತೆಗೆದು, ಎಲ್ಲ ಸರಿಯಾಗಿದೆ, ಸಂಜೆ ಊರಿಗೆ ಹೋಗಬಹುದು ಎಂದರು.

ಒಳಗೆ ನಡೆದ ಮಾತನ್ನು ಕಾರಿನಲ್ಲಿ ಪದ್ಮಳಿಗೆ ಹೇಳಿದೆ. ಚನ್ನರಾಯಪಟ್ಟಣ ದಾಟಿದ ಮೇಲೆ ಅವಳು ಕೇಳಿದಳು, "ಡಾಕ್ಟರಿಗೆ ನಿಮ್ಮ ಕೆಲಸ ಅರ್ಧ ಮಾತ್ರ ಯಾಕ್ರೀ ಹೇಳಿದ್ರಿ?" ಕತ್ತು ನೋಯುತ್ತಿದೆ ಎಂದು ಕಿಟಕಿ ಕಡೆ ತಿರುಗಿದೆ.

ಉಳಿದರ್ಧ ನಿಮ್ಮಲ್ಲಿ ಹಲವರಿಗೆ ಗೊತ್ತು. ಹೊಳೆನರಸೀಪುರದಲ್ಲಿ ನಮ್ಮ ಮನೆತನ ಪೂಜೆ ಮಾಡುವ ದೇವಸ್ಥಾನವಿದೆ. ಅಣ್ಣತಮ್ಮಂದಿರ ಮಕ್ಕಳು ಸರದಿಯ ಮೇಲೆ ಮಾಡುತ್ತೇವೆ. ನನ್ನ ಸರದಿ ಬಂದಾಗ ಮೇಷ್ಟ್ರಗಿರಿಗೆ ರಜೆ ಹಾಕಿ, ಪಂಚೆ ಉಟ್ಟು, ಹನ್ನೆರಡು ನಾಮ ಇಟ್ಟು ನಿಲ್ಲುತ್ತೇನೆ. ಅದು ಅಂಗಿ ಹಾಕದ ಕೆಲಸ.

ಉತ್ತರೀಯ ಹೊದ್ದರಾಯಿತಲ್ಲ ಎನ್ನುತ್ತೀರಾ? ಗರ್ಭಗುಡಿಗೆ ಹೋಗುವಾಗ ಉತ್ತರೀಯ ಸೊಂಟಕ್ಕೆ ಇಳಿಯಬೇಕು. ದೇವರ ಮುಂದೆ ಹೆಗಲು ಮುಚ್ಚುವಂತಿಲ್ಲ. ಹೊಲಿಗೆ ಒಣಗಿದ ಮೇಲೆ ಪದ್ಮ ಗಂಧ ತೇಯ್ದು ಉಬ್ಬಿನ ಮೇಲೆ ಬಳಿದು ನೋಡಿದಳು. ಕನ್ನಡಿಯಲ್ಲಿ ನೋಡಿದರೆ ಉಬ್ಬು ಮುಚ್ಚಿರಲಿಲ್ಲ, ಅದಕ್ಕೇ ಪೂಜೆ ಮಾಡಿದ ಹಾಗಿತ್ತು. ಇಬ್ಬರೂ ನಕ್ಕೆವು. ಆಮೇಲೆ ಪದ್ಮ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಈಚೆ ಬರಲಿಲ್ಲ.

ಕಂಡರೆ ಕಾಣಲಿ, ಜನ ಏನು ತಿಂದುಬಿಡುತ್ತಾರಾ? ನೀವು ಹಾಗೆ ಕೇಳಬಹುದು. ನಾನು ಕೇಳುವಂತಿಲ್ಲ. ಯಾಕೆಂದರೆ ಜನ ಏನು ಮಾಡುತ್ತಾರೆಂದು ನನಗೆ ಗೊತ್ತು. ನಾನೇ ಮಾಡಿದ್ದೇನೆ.

ತೊಂಬತ್ತರ ದಶಕದ ಮಾತು. ಆಗಷ್ಟೇ ಕಾಲೇಜಿಗೆ ಮೇಷ್ಟ್ರಾಗಿ ಸೇರಿದ್ದೆ. ನಮ್ಮ ಚಿಕ್ಕಪ್ಪನಿಗೆ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಕ್ಯಾನ್ಸರ್ ಎಂದು ಮನೆಯವರಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಚಿಕ್ಕಪ್ಪ ಮಾತ್ರ ಪೂಜೆ ಬಿಡಲಿಲ್ಲ. ಒಂದು ಬೆಳಿಗ್ಗೆ ಮಂಗಳಾರತಿಯಾಗಿ ನಾನೂ ತೀರ್ಥಕ್ಕೆ ಕೈ ಒಡ್ಡಿದೆ. ತೀರ್ಥ ತೆಗೆದುಕೊಳ್ಳುವ ಕ್ರಮ ನಿಮಗೆ ಗೊತ್ತಲ್ಲ, ಕುಡಿದು, ಒದ್ದೆ ಅಂಗೈಯನ್ನು ತಲೆಗೆ ಒರೆಸಿಕೊಳ್ಳುವುದು. ನಾನು ಕೈಯನ್ನು ಬಾಯಿಯ ಹತ್ತಿರ ತಂದಂತೆ ಮಾಡಿ ನೇರ ತಲೆಗೆ ಒಯ್ದೆ. ಅದು ಅಂಟುವ ಕಾಯಿಲೆಯಲ್ಲ ಎಂದು ಹಿಂದಿನ ದಿನ ತಾನೇ ತರಗತಿಯಲ್ಲಿ ಹುಡುಗರಿಗೆ ಪಾಠ ಮಾಡಿದ್ದೆ!

ಚಿಕ್ಕಪ್ಪ ನೋಡಿದರು. ಪಕ್ಕದವರಿಗೆ ತೀರ್ಥ ಕೊಟ್ಟರು. ಎಲ್ಲ ಮುಗಿದ ಮೇಲೆ ತೀರ್ಥದ ಬಟ್ಟಲು, ಉದ್ಧರಣೆಯ ಚಮಚ ಎರಡನ್ನೂ ನನ್ನ ಕೈಗಿಟ್ಟು, "ನಾಳೆಯಿಂದ ತೀರ್ಥ ನೀನೇ ಕೊಡಪ್ಪ. ನನಗೆ ಯಾಕೋ ಕೈ ನಡುಗುತ್ತೆ" ಎಂದರು.

ಅವರ ಕೈ ನಡುಗುತ್ತಿರಲಿಲ್ಲ. ಆಮೇಲೆ ಆರು ತಿಂಗಳು ಬದುಕಿದ್ದರು, ಮತ್ತೆ ಆ ಉದ್ಧರಣೆ ಮುಟ್ಟಲಿಲ್ಲ. ಅವತ್ತು ತಲೆಗೆ ಹೋದ ಕೈಯೇ ಮೊನ್ನೆ ಆಸ್ಪತ್ರೆಯ ಬೆಂಚಿನಲ್ಲಿ ಫೈಲಿನಡಿ ಅಡಗಿದ್ದು. ಇಷ್ಟು ವರ್ಷದಲ್ಲಿ ನಾನು ಕಲಿತದ್ದು ಅಷ್ಟೇ.

ಹೋದ ಭಾನುವಾರ ಚಿಕ್ಕಪ್ಪನ ಮಗ ರಘು ಬಂದಿದ್ದ. ಈ ಶನಿವಾರ ನನ್ನ ಸರದಿ ಶುರು. ಎಲ್ಲವನ್ನೂ ಅವನಿಗೆ ಹೇಳಿ, ನೀನೇ ಮಾಡಿಬಿಡು ಎಂದು ಕೇಳಿಕೊಂಡೆ. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದಾರೆ, ಅಭಿಷೇಕದ ಕೊಡ ಎತ್ತಲಾಗುವುದಿಲ್ಲ ಎಂದು ನೆಪವನ್ನೂ ಸೇರಿಸಿದೆ. ರಘು ಸಮಾಧಾನವಾಗಿ ಕೇಳಿದ. ಅಭಿಷೇಕ, ಅಲಂಕಾರ, ಮಂಗಳಾರತಿ ಎಲ್ಲ ನಾನು ನೋಡಿಕೊಳ್ಳುತ್ತೇನೆ, ತೀರ್ಥ ಒಂದನ್ನು ನೀನು ಕೊಡು, ಅದಕ್ಕೇನು ಭಾರ ಎಂದ.

ಅದೊಂದೇ ಬೇಡ ಎಂದೆ.

ಅವನು ಕಾಫಿ ಲೋಟ ಕೆಳಗಿಟ್ಟ. "ಅವತ್ತಿನದು ಅಪ್ಪ ನನಗೆ ಹೇಳಿದ್ರು ಅಣ್ಣ" ಎಂದ. ನನ್ನ ಎದೆ ಆಸ್ಪತ್ರೆಯ ಟೇಬಲ್ಲಿನ ಮೇಲೆ ಹಾರಿದ ಹಾಗೇ ಹಾರಿತು. "ನೀನು ಶನಿವಾರ ಬಾ. ಸಾಲಲ್ಲಿ ಮೊದಲು ನಾನೇ ನಿಲ್ತೀನಿ."

ಸಿಟ್ಟಿನಿಂದ ಹೇಳಿದನೋ, ಪ್ರೀತಿಯಿಂದಲೋ? ಮುಖ ನೋಡುವ ಧೈರ್ಯವಾಗಲಿಲ್ಲ. ಅವನು ಸ್ಕೂಟರ್ ಹತ್ತಿ ಹೋದ ಮೇಲೆ ಪದ್ಮ, ಹೋಗಿಬನ್ನಿ ಎಂದಷ್ಟೇ ಅಂದಳು.

ಹೋಗುತ್ತೇನೆ. ಪೋರ್ಟ್ ಹಾಕುವಾಗ ಮುಖ ತಿರುಗಿಸಿ ಎಂದಿದ್ದರು, ಬಟ್ಟೆ ಹೊದಿಸಿದ್ದರು. ತೀರ್ಥ ಕೊಡುವವನು ಮುಖ ತಿರುಗಿಸುವಂತಿಲ್ಲ. ಕೊಟ್ಟ ಕೈಯನ್ನು ನೋಡಲೇಬೇಕು. ರಘು ಕುಡಿಯುತ್ತಾನೋ, ನೇರ ತಲೆಗೆ ಒರೆಸಿಕೊಳ್ಳುತ್ತಾನೋ ನನಗೆ ಗೊತ್ತಿಲ್ಲ. ಒರೆಸಿಕೊಂಡರೆ ಯಾಕೆಂದು ಕೇಳುವ ಮುಖ ನನಗಿಲ್ಲ.

ಹೊಳೆನರಸೀಪುರದ ಓದುಗರು, ಶನಿವಾರ ತಪ್ಪದೆ ಅರಕಲಗೂಡಿನಿಂದ ಬರುವವರು, ನೀವೂ ಅವನ ಹಿಂದೆ ಸಾಲಿನಲ್ಲಿರುತ್ತೀರಿ. ನನ್ನ ಎದೆಯ ಮೇಲಿರುವುದು ಏನೆಂದು ಈಗ ನಿಮಗೆ ತಿಳಿದಿದೆ.

ನಿಮ್ಮ ಕೈ ಎಲ್ಲಿಗೆ ಹೋಗುತ್ತದೆ?