ಶೈಲಾಳ ‘ಅ ಲಿಟಲ್’

ಶೈಲಾ ಇಂಟರ್‌ವ್ಯೂನಲ್ಲಿ ಇಂಗ್ಲಿಷಿನ ಒಂದೇ ಒಂದು ತಪ್ಪೂ ಮಾಡಲಿಲ್ಲ. ಆದರೂ ಪ್ರಮೋಶನ್ ಕೈಬಿಟ್ಟು ಹೋಗುವುದರಲ್ಲಿತ್ತು. ಯಾಕೆ ಅಂತೀರಾ?

ಹಿಂದವಾಡಿಯ ನಮ್ಮ ಮನೆಯಲ್ಲಿ ಸಂಜೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಶೈಲಾ ಅಲ್ಲಿಗೆ ಬರುವ ಖಾನಾಪುರದ ಹುಡುಗಿ. (ಹುಡುಗಿ ಏನು, ಮೂವತ್ತೈದು ದಾಟಿದೆ!) ಮಚ್ಛೆಯ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಹನ್ನೊಂದು ವರ್ಷದಿಂದ ಬಿಡಿಭಾಗ ಪರೀಕ್ಷಿಸುತ್ತಾಳೆ. ಬೆರಳಾಡಿಸಿದರೆ ಸಾಕು, ಕೂದಲೆಳೆಯಷ್ಟು ಬಿರುಕೂ ಸಿಗುತ್ತದೆ. ಈಗ ಸೂಪರ್‌ವೈಸರ್ ಹುದ್ದೆ ಖಾಲಿ. ಚೆನ್ನೈನಿಂದ ಬರುವ ಸಾಹೇಬರಿಗೆ ಇಂಗ್ಲಿಷ್‌ನಲ್ಲೇ ಉತ್ತರ ಹೇಳಬೇಕು.

ನಾನು ಬಿಡುತ್ತೇನೆಯೇ? ಎಣಿಸಲು ಬರುವ ಬೋಲ್ಟಿಗೆ ‘ಮೆನಿ’, ಎಣಿಸಲು ಬಾರದ ಎಣ್ಣೆಗೆ ‘ಮಚ್’. ‘ಫ್ಯೂ’ ಅಂದರೆ ಇಲ್ಲವೆನ್ನುವಷ್ಟು ಕಡಿಮೆ, ‘ಅ ಫ್ಯೂ’ ಅಂದರೆ ಕೆಲವಾದರೂ ಇವೆ. ‘ಲಿಟಲ್’, ‘ಅ ಲಿಟಲ್’ ಕೂಡ ಹಾಗೇ. ತಿಂಗಳಿಡೀ ಅರೆದು ಕುಡಿಸಿದೆ.

ಇಂಟರ್‌ವ್ಯೂ ಮುಗಿಸಿ ಬಂದಳು.

“ಎಕ್ಸ್‌ಪೀರಿಯನ್ಸ್ ಎಷ್ಟೈತಿ ಅಂತ ಕೇಳಿದ್ರು ಟೀಚರ್. ‘ಐ ಹ್ಯಾವ್ ಅ ಲಿಟಲ್ ಎಕ್ಸ್‌ಪೀರಿಯನ್ಸ್’ ಅಂದೆ. ಬರೋಬ್ಬರಿ ಐತಿಲ್ರಿ?”

“ವ್ಯಾಕರಣ ಬರೋಬ್ಬರಿ ಐತಿ. ಹನ್ನೊಂದು ವರ್ಷ ಎಲ್ಲಿ ಹೋತವ್ವಾ?”

“ನಮ್ಮ ಬಾಯಿಲೆ ನಾವ ಹೆಂಗ ಹೇಳ್ಕೊಳ್ಳೂದ್ರಿ?”

ಸಾಹೇಬರು ಸೋಮವಾರ ಇನ್ನೊಮ್ಮೆ ಕರೆದಿದ್ದರಂತೆ. ಅದೇ ಕೊನೆಯ ಅವಕಾಶ. ನನಗೆ ಸಿಟ್ಟು ನೆತ್ತಿಗೇರಿತು, ಬೈದೂ ಬಿಟ್ಟೆ. ಅವಳು ನಕ್ಕು, “ಐತವಾರ ನಮ್ಮ ಮನಿಗಿ ಊಟಕ್ಕ ಬರ್ರಿ” ಎಂದಳು.

ಖಾನಾಪುರಕ್ಕೆ ಹೋದೆ. ಶೈಲಾಳ ಅವ್ವ ತುಪ್ಪದ ಗಿಂಡಿ ಹಿಡಿದು, “ಎಷ್ಟ ಹಾಕ್ಲಿರಿ?” ಎಂದರು.

“ಸ್ವಲ್ಪ” ಎಂದೆ. (ಹೊಟ್ಟೆ ತಾಳ ಹಾಕುತ್ತಿತ್ತು!)

ಆಕೆ “ಥೋಡಸ, ಥೋಡಸ” ಎಂದು ಮರಾಠಿಯಲ್ಲೂ ‘ಸ್ವಲ್ಪ’ ಹೇಳುತ್ತಲೇ ಸುರಿದೇ ಸುರಿದರು. ನಮ್ಮ ಕಡೆ ‘ಸ್ವಲ್ಪ’ ಅಂದವರ ತಟ್ಟೆಯೇ ತುಂಬುತ್ತದೆ. ಚೆನ್ನೈ ಸಾಹೇಬರಿಗೆ ಈ ರಿವಾಜು ಗೊತ್ತೇ?

ರಾತ್ರಿ ಅಲ್ಲೇ ಉಳಿದು, ಸೋಮವಾರ ನಸುಕಿನಲ್ಲಿ ಇಬ್ಬರೂ ರೈಲು ಹತ್ತಿದೆವು. ಲೋಂಡಾ ಕಾಡಿನ ಮಂಜು ನಮ್ಮ ಡಬ್ಬಿಯ ಜೊತೆಗೇ ಬರುತ್ತಿತ್ತು. ಕಿಟಕಿಗೆ ತಲೆಯಾನಿಸಿದ ನನಗೆ ಮೆಲ್ಲಗೆ ಜೊಂಪು. ಕನಸೋ, ನೆನಪೋ, ಯಾರ್ಯಾರೋ ಕೇಳುತ್ತಿದ್ದರು. ಹಸಿವಾ? ಸ್ವಲ್ಪ. ದಣಿವಾ? ಸ್ವಲ್ಪ. ಹೆರಿಗೆ ಕೋಣೆಯಲ್ಲಿ ನರ್ಸ್ ಕೇಳಿದ್ದಳು, ನೋವಾ? ಅಲ್ಲೂ ಸ್ವಲ್ಪವೇ! ಅಯ್ಯೋ, ನಾನು ಬೈದದ್ದು ಯಾರನ್ನು?

ಕಣ್ಣು ಬಿಟ್ಟರೆ, ಎದುರು ಸೀಟಿನಲ್ಲಿ ಶೈಲಾ ಕಿಟಕಿಯಾಚೆಯ ಮಂಜಿಗೆ ಹೇಳುತ್ತಿದ್ದಳು: “ಐ ಹ್ಯಾವ್ ಅ ಲಾಟ್ ಆಫ್ ಎಕ್ಸ್‌ಪೀರಿಯನ್ಸ್.” ಮತ್ತೆ ಮತ್ತೆ, ಮಗು ಮಲಗಿಸುವ ದನಿಯಲ್ಲಿ. ನಾನು ಮತ್ತೆ ಕಣ್ಣು ಮುಚ್ಚಿದೆ.

ಸಂಜೆ ಸಿಹಿ ಕುಂದಾದ ಪೊಟ್ಟಣ ಹಿಡಿದು ಶೈಲಾ ಓಡಿ ಬಂದಳು.

“ಎದಿ ಢವಢವ ಅಂತಿತ್ರಿ. ಖರೇ ಹೇಳ್ತೀನಿ, ಕಣ್ಣ ಮುಚ್ಚಿ ಅಂದೇಬಿಟ್ಟೆ! ಪೋಸ್ಟ್ ನನಗ ಆತ್ರಿ!”

ನಾನು ಅವಳನ್ನು ತಬ್ಬಿಕೊಂಡೆ.

“ಟೀಚರ್, ನಿಮಗ ಖುಷಿ ಆತೇನ್ರಿ?”

ನನ್ನ ಬಾಯಿಂದ ಬಂದ ಮಾತು ಯಾವುದು, ನೀವೇ ಹೇಳಿ ನೋಡೋಣ?